ಒಂದು ಕಾರು ಹನ್ನೆರಡಾದದ್ದು: ಕೂಪರ್ 500 ಪ್ರಕರಣ ಅಧ್ಯಯನ

1946ರ ಇಂಗ್ಲೆಂಡ್. ಎರಡು ಪುಟ್ಟ ರೇಸ್ ಕಾರುಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹೊರಬಂದವು. ಎರಡಕ್ಕೂ ಫಿಯೆಟ್ ಟೊಪೊಲಿನೊ ಕಾರಿನ ಭಾಗಗಳೇ ಆಧಾರ. ಎರಡಕ್ಕೂ 500 ಸಿಸಿಯ ಒಂಟಿ ಸಿಲಿಂಡರ್ ಬೈಕ್ ಎಂಜಿನ್. ಎರಡರಲ್ಲೂ ಎಂಜಿನ್ ಇದ್ದದ್ದು ಡ್ರೈವರ್ ಬೆನ್ನ ಹಿಂದೆ. ಒಂದನ್ನು ಕಟ್ಟಿದವರು ಕಾಲಿನ್ ಸ್ಟ್ರ್ಯಾಂಗ್. ಇನ್ನೊಂದು ಲಂಡನ್ ಪಕ್ಕದ ಸರ್ಬಿಟನ್ ಊರಿನ ಗ್ಯಾರೇಜಿನಲ್ಲಿ ತಯಾರಾಯಿತು. ಅದನ್ನು ಕಟ್ಟಿದವರು ಚಾರ್ಲ್ಸ್ ಕೂಪರ್, ಅವರ ಮಗ ಜಾನ್, ಮತ್ತು ಜಾನ್‌ನ ಬಾಲ್ಯದ ಗೆಳೆಯ ಎರಿಕ್ ಬ್ರ್ಯಾಂಡನ್.

ಮೊದಲ ವರ್ಷ ಎಲ್ಲರ ಕಣ್ಣು ಇದ್ದದ್ದು ಸ್ಟ್ರ್ಯಾಂಗ್ ಕಾರಿನ ಮೇಲೆ. ಆದರೆ ಆ ಕಾರಿನ ಕಥೆ ಆ ಒಂದು ಕಾರಿಗೇ ಮುಗಿಯಿತು. ಸರ್ಬಿಟನ್ ಗ್ಯಾರೇಜಿನವರು ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಒಂದು ಮತ್ತು ಎರಡು ಸಿಲಿಂಡರಿನ ಕಾರುಗಳನ್ನೇ 300ರವರೆಗೆ ಕಟ್ಟಿದರು. 1959 ಮತ್ತು 1960ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು.

ಐಡಿಯಾ ಒಂದೇ, ಸಾಮಾನು ಒಂದೇ, ಹೊತ್ತೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿ ಬಂತು?

ಕೂಪರ್ ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: ಎಂಜಿನ್ ಹಿಂದಕ್ಕೆ ಹಾಕಿದವರು. ಆ ಮಾತಿಗೆ ತೂಕ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಸ್ಟ್ರ್ಯಾಂಗ್ ಕೂಡ ಎಂಜಿನ್ ಹಿಂದೆಯೇ ಹಾಕಿದ್ದರು. ಯುದ್ಧಕ್ಕೆ ಮುಂಚೆ ಜರ್ಮನಿಯ ಆಟೊ ಯೂನಿಯನ್ ಕಾರುಗಳಲ್ಲೂ ಎಂಜಿನ್ ಹಿಂದೆಯೇ ಇತ್ತು, ಅವು ಗ್ರ್ಯಾನ್ ಪ್ರೀ ಗೆದ್ದೂ ಇದ್ದವು. ಕೂಪರ್‌ಗಳು ಬೇರೆಯವರಿಗಿಂತ ಬೇರೆಯಾಗಿ ಮಾಡಿದ ಕೆಲಸ ಇನ್ನೊಂದಿದೆ. ನನ್ನ ಪ್ರಕಾರ ಈ ಪ್ರಕರಣದ ತಿರುಳು ಅದೇ. ಅದನ್ನು ಹೇಳುವ ಮುಂಚೆ ಕಾರು ಹೇಗಿತ್ತು ಅಂತ ನೋಡಬೇಕು.

ಆಗಿನ ಪರಿಸ್ಥಿತಿ

ಯುದ್ಧ ಆಗ ತಾನೇ ಮುಗಿದಿತ್ತು. ಪೆಟ್ರೋಲು ರೇಷನ್ ಮೇಲೆ. ಉಕ್ಕು, ಅಲ್ಯೂಮಿನಿಯಂ, ಟೈರು, ಯಾವುದೂ ಸುಲಭವಾಗಿ ಸಿಗುತ್ತಿರಲಿಲ್ಲ. ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕು ಯುದ್ಧದಲ್ಲಿ ವಿಮಾನ ಕಾರ್ಖಾನೆಯ ಪಾಲಾಗಿ, ಮತ್ತೆ ರೇಸಿಗೆ ಬರಲೇ ಇಲ್ಲ. ದುಡ್ಡಿದ್ದವರ ಹತ್ತಿರ ಯುದ್ಧಕ್ಕೆ ಮುಂಚಿನ ಹಳೇ ಕಾರುಗಳಿದ್ದವು. ದುಡ್ಡಿಲ್ಲದ ಹುಡುಗರಿಗೆ ಏನೂ ಇರಲಿಲ್ಲ.

ಬ್ರಿಸ್ಟಲ್ ಕಡೆಯ ಕೆಲವು ಉತ್ಸಾಹಿಗಳು ಇದಕ್ಕೊಂದು ದಾರಿ ಹುಡುಕಿದರು. ಅವರಲ್ಲಿ ಡಿಕ್ ಸೀಸರ್ ಹೆಸರು ಮುಖ್ಯ. ಅವರ ನಿಯಮ ಸರಳವಾಗಿತ್ತು. ಎಂಜಿನ್ 500 ಸಿಸಿ ದಾಟಬಾರದು, ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು) ಇರಬಾರದು. ಬೈಕ್ ಎಂಜಿನ್ ಸಿಗುತ್ತದೆ, ಅಗ್ಗವಾಗಿ ಸಿಗುತ್ತದೆ. ಉಳಿದದ್ದನ್ನು ನೀವೇ ಕಟ್ಟಿಕೊಳ್ಳಿ, ನಿಮ್ಮಂಥವರ ಜೊತೆಗೇ ಓಡಿಸಿ. 1946ರಲ್ಲಿ ಇದಕ್ಕೊಂದು ಕ್ಲಬ್ ಕೂಡ ಹುಟ್ಟಿತು.

ಒಂದು ನಿಯಮ ಚೆನ್ನಾಗಿದ್ದರೆ ಎಷ್ಟು ಕೆಲಸ ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ. 500 ಸಿಸಿ ಅಂತ ಗೆರೆ ಎಳೆದ ಕೂಡಲೇ ದೊಡ್ಡ ಎಂಜಿನ್‌ನ ಖರ್ಚು ಹೋಯಿತು, ದೊಡ್ಡ ಗೇರ್‌ಬಾಕ್ಸ್ ಬೇಡವಾಯಿತು, ದಪ್ಪ ಚಾಸಿಯೂ (ಕಾರಿನ ಅಡಿಗಟ್ಟು) ಬೇಡವಾಯಿತು. ಜಾಣತನ ತೋರಿಸಲು ಉಳಿದ ಜಾಗ ಒಂದೇ, ಅದು ತೂಕ.

ಕೂಪರ್ ಗ್ಯಾರೇಜಿಗೆ ಈ ಕೆಲಸಕ್ಕೆ ಬೇಕಾದ ಕೈಗಳಿದ್ದವು. ಚಾರ್ಲ್ಸ್ ಯುದ್ಧಕ್ಕೆ ಮುಂಚೆ ಕೇ ಡಾನ್ ಎಂಬ ಹೆಸರಾಂತ ರೇಸ್ ಡ್ರೈವರ್‌ನ ಕಾರುಗಳನ್ನು ನೋಡಿಕೊಂಡವರು. ಮಗ ಚಿಕ್ಕವನಿದ್ದಾಗಲೇ ಆಸ್ಟಿನ್ ಸೆವೆನ್ ಎಂಜಿನ್ ಹಾಕಿ ಅವನಿಗೊಂದು ಪುಟಾಣಿ ಕಾರು ಕಟ್ಟಿಕೊಟ್ಟಿದ್ದರು. ಜಾನ್ ಶಾಲೆ ಬಿಟ್ಟು ಟೂಲ್‌ಮೇಕರ್ ಕೆಲಸ ಕಲಿತವನು. ಅಂದರೆ ಒಬ್ಬನಿಗೆ ರೇಸ್ ಕಾರು ಗೊತ್ತು, ಇನ್ನೊಬ್ಬನಿಗೆ ಲೋಹ ಗೊತ್ತು. ಗ್ಯಾರೇಜಿನ ದಿನದ ವ್ಯಾಪಾರ ಮನೆ ನಡೆಸುತ್ತಿತ್ತು, ರೇಸ್ ಕಾರಿನಿಂದ ಹೊಟ್ಟೆ ಹೊರೆಯುವ ಅಗತ್ಯ ಇರಲಿಲ್ಲ. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ನನಗಂತೂ ತುಂಬಾ ಮುಖ್ಯ ಅನ್ನಿಸುತ್ತದೆ.

ಕಾರನ್ನು ಹತ್ತಿರದಿಂದ ನೋಡೋಣ

ಅವರಿಗೆ ಸಿಕ್ಕಿದ್ದು ಗುಜರಿಗೆ ಹೋಗಬೇಕಾಗಿದ್ದ ಟೊಪೊಲಿನೊ. ಅದರ ಎಂಜಿನ್ 569 ಸಿಸಿ, ಬರೀ 13 ಅಶ್ವಶಕ್ತಿ. ಅದು ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಮುಂಭಾಗದ ಸಸ್ಪೆನ್ಷನ್. ಆ ಕಾಲದ ಅಗ್ಗದ ಕಾರುಗಳಲ್ಲಿ ಮುಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಆಕ್ಸಲಿಗೆ ಸೇರಿರುತ್ತಿದ್ದವು. ಟೊಪೊಲಿನೊದಲ್ಲಿ ಹಾಗಲ್ಲ, ಪ್ರತಿ ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತಿತ್ತು.

ಅದರ ರಚನೆ ನೋಡಿದರೆ ಖುಷಿಯಾಗುತ್ತದೆ. ಕಾರಿನ ಅಡ್ಡಕ್ಕೆ ಒಂದು ಲೀಫ್ ಸ್ಪ್ರಿಂಗ್, ಅಂದರೆ ಉಕ್ಕಿನ ಪಟ್ಟಿಗಳನ್ನು ಎಲೆಗಳ ಹಾಗೆ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್. ಅದರ ನಡುವೆ ಚಾಸಿಗೆ ಬಿಗಿದಿದ್ದಾರೆ, ಎರಡು ತುದಿಗಳು ಎರಡು ಚಕ್ರಗಳ ಮೇಲ್ಭಾಗಕ್ಕೆ ಬಂದು ಸೇರುತ್ತವೆ. ಕೆಳಗೆ ಪ್ರತಿ ಕಡೆ ಒಂದೊಂದು ವಿಶ್‌ಬೋನ್, ಚಕ್ರವನ್ನು ಚಾಸಿಗೆ ಸೇರಿಸುವ ಕವಲು ಕೈ. ಅಷ್ಟೇ. ಮೇಲಿನ ಕೈ ಅಂತ ಬೇರೆ ಇಲ್ಲ, ಸ್ಪ್ರಿಂಗೇ ಮೇಲಿನ ಕೈ. ಒಂದೇ ಸಾಮಾನು ಎರಡು ಕೆಲಸ ಮಾಡುತ್ತದೆ. ಭಾರ ಹೊರುವುದೂ ಅದೇ, ಚಕ್ರವನ್ನು ನೆಟ್ಟಗೆ ನಿಲ್ಲಿಸುವುದೂ ಅದೇ.

ಇದರಲ್ಲಿ ಕೊರತೆ ಇಲ್ಲ ಅಂತಲ್ಲ. ಎಲೆಗಳು ಒಂದರ ಮೇಲೊಂದು ಉಜ್ಜುವುದರಿಂದ ಸಣ್ಣ ಗುಂಡಿಗಳಲ್ಲಿ ಸ್ಪ್ರಿಂಗ್ ಸಲೀಸಾಗಿ ಆಡುವುದಿಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಎಲೆ ಸ್ವಲ್ಪ ತಿರುಚುತ್ತದೆ, ಚಕ್ರದ ಕೋನವೂ ಅದರ ಜೊತೆ ಬದಲಾಗುತ್ತದೆ. ಆದರೆ ಕಾರು ಇಷ್ಟು ಹಗುರ ಇದ್ದಾಗ ಆ ತಿರುಚುವ ಬಲವೂ ಕಡಿಮೆ. ಹೀಗೆ ತೂಕ ಇಳಿದರೆ ಒಂದು ಅಗ್ಗದ ಸಸ್ಪೆನ್ಷನ್ ಕೂಡ ಸಾಕಾಗುತ್ತದೆ.

ಕೂಪರ್‌ಗಳು ಮಾಡಿದ್ದು ಇಷ್ಟು: ಇಂಥ ಎರಡು ಮುಂಭಾಗಗಳನ್ನು ತೆಗೆದುಕೊಂಡು ಬೆನ್ನಿಗೆ ಬೆನ್ನು ಇಟ್ಟು ವೆಲ್ಡ್ ಮಾಡಿದರು. ಒಂದು ಮುಂದೆ, ಇನ್ನೊಂದು ಹಿಂದೆ. ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್ ಬಂತು. ಆಗಿನ ಎಷ್ಟೋ ದುಬಾರಿ ರೇಸ್ ಕಾರುಗಳಿಗೆ ಅದು ಇರಲಿಲ್ಲ.

ಎಂಜಿನ್ ಜೆಎಪಿ ಕಂಪನಿಯದು. ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ಸ್ಪೀಡ್‌ವೇ ಬೈಕಿಗೆಂದು ಮಾಡಿದ್ದು. ಒಂದೇ ಸಿಲಿಂಡರ್, 80 ಮಿಲಿಮೀಟರ್ ಬೋರು (ಸಿಲಿಂಡರಿನ ಅಗಲ), 99 ಮಿಲಿಮೀಟರ್ ಸ್ಟ್ರೋಕು (ಪಿಸ್ಟನ್ ಓಡುವ ದೂರ). ಕುಡಿಯುವುದು ಪೆಟ್ರೋಲಲ್ಲ, ಮೆಥನಾಲ್. ಮೆಥನಾಲ್ ಆವಿಯಾಗುವಾಗ ತುಂಬಾ ಶಾಖ ಹೀರಿಕೊಳ್ಳುತ್ತದೆ, ಹಾಗಾಗಿ ಎಂಜಿನ್ ಒಳಗಿಂದಲೇ ತಣ್ಣಗಾಗುತ್ತದೆ. ಅದರಿಂದಾಗಿ ಕಂಪ್ರೆಷನ್ (ಸಿಲಿಂಡರಿನ ಒಳಗೆ ಇಂಧನದ ಮಿಶ್ರಣವನ್ನು ಒತ್ತುವ ಪ್ರಮಾಣ) ತುಂಬಾ ಏರಿಸಬಹುದು. ಗಾಳಿಯಿಂದ ತಣಿಯುವ ಎಂಜಿನ್ನನ್ನು ಡ್ರೈವರ್ ಹಿಂದೆ, ಗಾಳಿ ಸರಿಯಾಗಿ ತಾಕದ ಜಾಗದಲ್ಲಿ ಇಡುವವರಿಗೆ ಇದು ದೊಡ್ಡ ಅನುಕೂಲ.

ಈಗ ಆ ಹೆಸರಾಂತ ತೀರ್ಮಾನಕ್ಕೆ ಬರೋಣ, ಎಂಜಿನ್ ಯಾಕೆ ಹಿಂದೆ? ಬೈಕಿನಲ್ಲಿ ಎಂಜಿನ್‌ನಿಂದ ಗೇರ್‌ಬಾಕ್ಸಿಗೆ ಒಂದು ಚೈನು, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಇನ್ನೊಂದು ಚೈನು. ಇದನ್ನು ಕಾರಿನ ಮುಂದೆ ಇಟ್ಟರೆ ಡ್ರೈವರ್ ಕೆಳಗೆ ಉದ್ದದ ಚೈನು ಎಳೆಯಬೇಕು. ಇಲ್ಲವೇ ತಿರುಗುವ ದಿಕ್ಕು ಬದಲಿಸುವ ಬೆವೆಲ್ ಗೇರ್, ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಮತ್ತೊಂದು ಗೇರ್ ಸೆಟ್ ಮಾಡಿಸಬೇಕು. ಎರಡೂ ತೂಕ, ಎರಡೂ ಖರ್ಚು. ಹಿಂದೆ ಇಟ್ಟರೆ ಚೈನು ಒಂದು ಮೊಳದ ಮಾತು. ಆಕ್ಸಲ್ ಮಧ್ಯಕ್ಕೆ ಒಂದು ಸ್ಪ್ರಾಕೆಟ್ ಹಾಕಿದರೆ ಮುಗಿಯಿತು. ಜಾನ್ ಕೂಪರ್ ಮುಂದೆ ಎಷ್ಟೋ ಸಲ ಇದನ್ನೇ ಹೇಳಿದ್ದಾರೆ: ದೊಡ್ಡ ಆವಿಷ್ಕಾರ ಮಾಡುತ್ತಿದ್ದೇವೆ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ, ಅದು ಅನುಕೂಲದ ಮಾತಾಗಿತ್ತು ಅಷ್ಟೇ.

ಆದರೆ ಅನುಕೂಲಕ್ಕೆ ಅಂತ ಮಾಡಿದ್ದು ಲಾಭಗಳನ್ನೂ ತಂದಿತು. ಡ್ರೈವರ್ ಕೆಳಗೆ ಶಾಫ್ಟ್ ಇಲ್ಲದ ಕಾರಣ ಸೀಟು ನೆಲಕ್ಕೆ ಹತ್ತಿರ ಬಂತು. ಕಾರು ಗಿಡ್ಡವಾಯಿತು, ಗಾಳಿಯನ್ನು ಸೀಳುವ ಮುಖ ಚಿಕ್ಕದಾಯಿತು. ಭಾರವೆಲ್ಲ ಎರಡು ಆಕ್ಸಲ್‌ಗಳ ನಡುವೆ ಕೂತಿತು, ತಿರುವಿನಲ್ಲಿ ಕಾರು ಬೇಗ ತಿರುಗಿತು.

ಎರಡು ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಇರಲಿಲ್ಲ. ಹಿಂದಿನ ಎರಡು ಚಕ್ರಗಳೂ ಒಂದೇ ವೇಗದಲ್ಲಿ ಸುತ್ತಬೇಕು. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕಲ್ವಾ? ಹಾಗಾಗಿ ಒಂದು ಚಕ್ರ ಜಾರಲೇಬೇಕು. ಭಾರದ ಕಾರಿನಲ್ಲಿ ಇದು ತಲೆನೋವು. ಇಷ್ಟು ಹಗುರ, ಇಷ್ಟು ಕಿರಿದಾದ ಕಾರಿನಲ್ಲಿ ಡ್ರೈವರ್ ಅದನ್ನು ಸಂಭಾಳಿಸಬಹುದಿತ್ತು.

ಇಡೀ ಕಾರನ್ನು ಕಟ್ಟಲು ಹಿಡಿದದ್ದು ಸುಮಾರು ಐದು ವಾರ ಅಂತ ದಾಖಲೆ.

ಪ್ರೆಸ್ಕಾಟ್‌ನಲ್ಲಿ ಏನಾಯಿತು

1946ರ ಜುಲೈ. ಪ್ರೆಸ್ಕಾಟ್ ಬೆಟ್ಟದ ಏರು ರೇಸು. ಕಾರಿನ ಮೊದಲ ಸ್ಪರ್ಧೆ. ಎಂಜಿನ್ ಕೂರಿಸಿದ್ದ ಬ್ರ್ಯಾಕೆಟ್ ಕಂಪನ ತಡೆಯಲಾರದೆ ಮುರಿಯಿತು.

ಕಾರಣ ಸರಳ. ಒಂಟಿ ಸಿಲಿಂಡರ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಹೋಗುವಾಗ ಅದನ್ನು ಸರಿದೂಗಿಸಲು ಎದುರಿಗೆ ಇನ್ನೊಂದು ಪಿಸ್ಟನ್ ಇರುವುದಿಲ್ಲ. ಪ್ರತಿ ಸುತ್ತಿಗೂ ಇಡೀ ಎಂಜಿನ್ ಒದೆಯುತ್ತದೆ. ಬೈಕಿನ ಫ್ರೇಮು ಆ ಒದೆತ ತಡೆಯಲೆಂದೇ ಮಾಡಿದ್ದು. ಕಾರಿನ ಚಾಸಿಗೆ ಬೆಸೆದ ತೆಳು ಬ್ರ್ಯಾಕೆಟಿಗೆ ಆ ಅಭ್ಯಾಸ ಇಲ್ಲ. ತೂಕ ಉಳಿಸಬೇಕು ಅಂತ ತೆಳು ಮಾಡಿದ ಜಾಗವೇ ಮೊದಲು ಕೈಕೊಡುತ್ತದೆ. ಹಗುರ ಕಾರು ಕಟ್ಟುವ ಪ್ರತಿಯೊಬ್ಬರೂ ಇದನ್ನು ಒಂದಲ್ಲ ಒಂದು ಸಲ ನೋಡಿರುತ್ತಾರೆ.

ಅವರು ಅದನ್ನು ಗಟ್ಟಿ ಮಾಡಿದರು, ಮತ್ತೆ ಓಡಿಸಿದರು. ನಂತರ ಬ್ರ್ಯಾಂಡನ್‌ಗೆ ಅಂತ ಅಂಥದ್ದೇ ಎರಡನೇ ಕಾರು ಕಟ್ಟಿದರು.

ನಾನು ಈ ಪ್ರಕರಣದಲ್ಲಿ ಬೆರಳಿಟ್ಟು ತೋರಿಸುವ ಜಾಗ ಇದೇ, ಎರಡನೇ ಕಾರು. ಮೊದಲನೇ ಕಾರು ಕಟ್ಟುವಾಗ ಎಲ್ಲವೂ ಕೈಗೆ ಸಿಕ್ಕಿದ ಹಾಗೆ. ಒಂದು ತೂತು ಆಚೆ ಈಚೆ ಆದರೆ ಫೈಲ್ ಹಿಡಿದು ಉಜ್ಜಿ ಸರಿಮಾಡಿ ಬೋಲ್ಟು ಹಾಕಿದರಾಯಿತು. ಎರಡನೆಯದು ಮೊದಲಿನ ಹಾಗೇ ಇರಬೇಕು ಅಂದರೆ ಅಳತೆ ಬರೆದಿಡಬೇಕು, ಜಿಗ್ (ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟು) ಮಾಡಬೇಕು, ಯಾವ ತೂತು ಯಾಕೆ ಅಲ್ಲಿದೆ ಅಂತ ಯೋಚಿಸಬೇಕು. ಎರಡು ಒಂದೇ ಥರದ ಕಾರುಗಳಿದ್ದರೆ ಒಂದರಲ್ಲಿ ಬದಲಾವಣೆ ಮಾಡಿ ಇನ್ನೊಂದರ ಜೊತೆ ಹೋಲಿಸಬಹುದು. ಮೂರನೆಯದು ಕಟ್ಟುವ ಹೊತ್ತಿಗೆ ಕಾರು ಒಬ್ಬ ಹವ್ಯಾಸಿಯ ಕೈಕೆಲಸವಾಗಿ ಉಳಿಯುವುದಿಲ್ಲ.

1947ರ ಜುಲೈನಲ್ಲಿ ಗ್ರ್ಯಾನ್ಸ್‌ಡನ್ ಲಾಡ್ಜ್ ಎಂಬ ಹಳೇ ವಿಮಾನ ನಿಲ್ದಾಣದ ರನ್‌ವೇ ಮೇಲೆ 500 ಸಿಸಿ ಕಾರುಗಳಿಗೆ ಟ್ರ್ಯಾಕ್ ರೇಸು ನಡೆಯಿತು. ಬೆರಳೆಣಿಕೆಯ ಕಾರುಗಳು. ಗೆದ್ದವನು ಬ್ರ್ಯಾಂಡನ್.

ಹನ್ನೆರಡು ಕಾರುಗಳ ತೀರ್ಮಾನ

ಆ ಗೆಲುವಿನ ನಂತರ ಜನ ಕೇಳತೊಡಗಿದರು: ನಮಗೂ ಒಂದು ಕಟ್ಟಿಕೊಡುತ್ತೀರಾ? 1947ರ ಡಿಸೆಂಬರ್‌ನಲ್ಲಿ ತಂದೆ ಮಗ ಸೇರಿ ಕೂಪರ್ ಕಾರ್ ಕಂಪನಿ ಶುರುಮಾಡಿದರು. 1948ಕ್ಕೆ ಒಟ್ಟಿಗೇ ಹನ್ನೆರಡು ಕಾರು ಕಟ್ಟುವುದು ಅಂತ ತೀರ್ಮಾನಿಸಿದರು.

ಹನ್ನೆರಡು ಅಂದರೆ ಈಗ ಚಿಕ್ಕ ಸಂಖ್ಯೆ ಅನ್ನಿಸಬಹುದು. ಆಗ ಅದು ಧೈರ್ಯದ ಮಾತು. ರೇಸ್ ಕಾರು ಅಂದರೆ ಒಬ್ಬರಿಗೆ ಒಂದು, ಹೇಳಿ ಮಾಡಿಸಿದ್ದು, ಅನ್ನುವ ಕಾಲ. ಹನ್ನೆರಡು ಚಾಸಿಗೆ ಸಾಮಾನು ಮೊದಲೇ ತರಬೇಕು. ಹನ್ನೆರಡು ಗಿರಾಕಿಗಳು ಬರುತ್ತಾರೆ ಅಂತ ನಂಬಬೇಕು. ಗುಜರಿ ಟೊಪೊಲಿನೊಗಳನ್ನು ನಂಬಿಕೊಂಡು ಇದನ್ನು ಮಾಡಲು ಆಗುವುದಿಲ್ಲ. ಗುಜರಿಯಲ್ಲಿ ಒಂದು ಸಿಗುತ್ತದೆ, ಎರಡು ಸಿಗುತ್ತದೆ. ಒಂದೇ ಥರದ ಇಪ್ಪತ್ತನಾಲ್ಕು ಮುಂಭಾಗ ಎಲ್ಲಿ ಸಿಗಬೇಕು? ಹಾಗಾಗಿ ಫಿಯೆಟ್‌ನ ರಚನೆ ಇಟ್ಟುಕೊಂಡು ಸಾಮಾನನ್ನು ತಾವೇ ಮಾಡಿಸುವ ಕಡೆಗೆ ಹೊರಳಿದರು. ಹಗುರ ಲೋಹದಲ್ಲಿ ಎರಕ ಹೊಯ್ದ ಚಕ್ರಗಳು ಬಂದವು. ಬ್ರೇಕ್ ಡ್ರಮ್ಮು ಬೇರೆ ಅಲ್ಲ, ಚಕ್ರದ ಜೊತೆಗೇ ಒಂದೇ ಎರಕ. ಮತ್ತೆ ಅದೇ ಬುದ್ಧಿ ನೋಡಿ: ಒಂದು ಸಾಮಾನು, ಎರಡು ಕೆಲಸ. ಬೋಲ್ಟು ಕಡಿಮೆ, ತೂಕ ಕಡಿಮೆ, ಅದರಲ್ಲೂ ಸಸ್ಪೆನ್ಷನ್ ಕೆಳಗಿನ ತೂಕ ಕಡಿಮೆ. ಚಕ್ರ ಹಗುರವಾದಷ್ಟೂ ಅದು ನೆಲ ಬಿಡದೆ ಓಡುತ್ತದೆ.

ಆ ಮೊದಲ ಗಿರಾಕಿಗಳಲ್ಲಿ ಒಬ್ಬ ಹದಿನೆಂಟರ ಹುಡುಗ ಇದ್ದ. ಹೆಸರು ಸ್ಟರ್ಲಿಂಗ್ ಮಾಸ್. 1948ರ ಸೆಪ್ಟೆಂಬರ್ 18ರಂದು ಗುಡ್‌ವುಡ್ ಟ್ರ್ಯಾಕಿನ ಉದ್ಘಾಟನೆಯ ದಿನ 500 ಸಿಸಿ ರೇಸನ್ನು ಅವನೇ ಗೆದ್ದ. ಎರಡು ವಾರದ ನಂತರ, ಅಕ್ಟೋಬರ್ 2ರಂದು, ಸಿಲ್ವರ್‌ಸ್ಟೋನ್‌ನಲ್ಲಿ ಮೊದಲ ಗ್ರ್ಯಾನ್ ಪ್ರೀ. ಅದರ ಜೊತೆ ನಡೆದ 500 ಸಿಸಿ ರೇಸನ್ನು ಗೆದ್ದದ್ದು ಸ್ಪೈಕ್ ರಿಯಾಂಡೊ, ಅದೂ ಕೂಪರ್‌ನಲ್ಲಿ.

ಇಲ್ಲಿ ಸ್ಟ್ರ್ಯಾಂಗ್ ಕಾರನ್ನು ಮತ್ತೆ ನೆನಪು ಮಾಡಿಕೊಳ್ಳಬೇಕು. ಒಂದು ಕಾರು, ಒಬ್ಬ ಡ್ರೈವರ್. ಭಾನುವಾರ ಏನಾದರೂ ಮುರಿದರೆ ಒಂದು ಪಾಠ. ಕೂಪರ್‌ಗಳಿಗೆ ಅದೇ ಭಾನುವಾರ ಬೇರೆಬೇರೆ ಊರುಗಳಲ್ಲಿ, ಬೇರೆಬೇರೆ ಕೈಗಳಲ್ಲಿ ಓಡುವ ಕಾರುಗಳಿದ್ದವು. ಯಾವ ಬೆಸುಗೆ ಬಿರುಕು ಬಿಡುತ್ತದೆ, ಯಾವ ಚೈನು ಸಡಿಲವಾಗುತ್ತದೆ, ಯಾವ ಡ್ರೈವರ್ ಯಾಕೆ ಗೊಣಗುತ್ತಾನೆ, ಎಲ್ಲವೂ ಸೋಮವಾರ ಗ್ಯಾರೇಜಿಗೆ ಬರುತ್ತಿತ್ತು. ಪರೀಕ್ಷೆಗೆ ಅಂತ ಬೇರೆ ಖರ್ಚಿಲ್ಲ. ಗಿರಾಕಿಯೇ ದುಡ್ಡು ಕೊಟ್ಟು ಪರೀಕ್ಷೆ ಮಾಡಿಕೊಡುತ್ತಿದ್ದ. ಹೆಚ್ಚುಕಮ್ಮಿ ವರ್ಷಕ್ಕೊಂದರಂತೆ ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಅಂತ ಕಾರುಗಳು ಬರುತ್ತಾ ಹೋದವು. ಯಾವುದೂ ಹೊಸ ಕಾರಲ್ಲ, ಹಿಂದಿನದ್ದೇ ಸ್ವಲ್ಪ ಸರಿಯಾದದ್ದು.

1950ರಲ್ಲಿ ಕಾರ್ ರೇಸುಗಳ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಐಎ ಈ ದರ್ಜೆಯನ್ನು ಅಂತಾರಾಷ್ಟ್ರೀಯ ಫಾರ್ಮುಲಾ ತ್ರೀ ಅಂತ ಒಪ್ಪಿಕೊಂಡಿತು. 1951ರಿಂದ 1954ರವರೆಗಿನ 78 ದೊಡ್ಡ ಫಾರ್ಮುಲಾ ತ್ರೀ ರೇಸುಗಳಲ್ಲಿ 64 ಕೂಪರ್‌ಗಳ ಪಾಲಾದವು. ಪೀಟರ್ ಕಾಲಿನ್ಸ್, ಕೆನ್ ಟಿರೆಲ್, ಬರ್ನಿ ಎಕ್ಲೆಸ್ಟೋನ್, ಇವರೆಲ್ಲ ಕೂಪರ್ 500 ಓಡಿಸಿದವರೇ.

ತೂಕದ ಲೆಕ್ಕ

ಫಾರ್ಮುಲಾ ತ್ರೀ ನಿಯಮದಲ್ಲಿ ಕನಿಷ್ಠ ತೂಕ 200 ಕಿಲೋ. ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಂಜಿನ್ 45 ಅಶ್ವಶಕ್ತಿ ಕೊಡುತ್ತದೆ ಅಂತಿಟ್ಟುಕೊಳ್ಳಿ. ಕಾರು 200 ಕಿಲೋ, ಡ್ರೈವರ್ 75 ಕಿಲೋ. ಒಟ್ಟು 275. ಟನ್ನಿಗೆ ಸುಮಾರು 164 ಅಶ್ವಶಕ್ತಿ ಆಯಿತು. ಈಗ ಕಾರು 25 ಕಿಲೋ ಭಾರ ಆಯಿತು ಅನ್ನಿ. ಟನ್ನಿಗೆ 150ಕ್ಕೆ ಇಳಿಯುತ್ತದೆ. ಅದನ್ನು ಎಂಜಿನ್‌ನಿಂದ ತುಂಬಿಕೊಳ್ಳಬೇಕು ಅಂದರೆ ಇನ್ನೂ 4 ಅಶ್ವಶಕ್ತಿ ಬೇಕು. ಈಗಾಗಲೇ ಹಿಂಡಿ ಹಿಪ್ಪೆ ಮಾಡಿದ ಒಂಟಿ ಸಿಲಿಂಡರಿನಿಂದ 4 ಅಶ್ವಶಕ್ತಿ ತೆಗೆಯುವುದು ಎಷ್ಟು ಕಷ್ಟ ಅಂತ ಟ್ಯೂನರ್‌ಗಳನ್ನು ಕೇಳಬೇಕು.

ಡ್ರೈವರ್ ತೂಕವೇ ಒಟ್ಟಿನ ಕಾಲು ಭಾಗಕ್ಕಿಂತ ಜಾಸ್ತಿ. ಇದೂ ಈ ಕಾರುಗಳ ವಿಶೇಷ. ಡ್ರೈವರ್ ಎಲ್ಲಿ ಕೂರುತ್ತಾನೆ ಅನ್ನುವುದರಿಂದಲೇ ಕಾರಿನ ಸಮತೋಲ ನಿರ್ಧಾರವಾಗುತ್ತದೆ.

ಈ ಲೆಕ್ಕವನ್ನು ಕೂಪರ್‌ಗಿಂತ ಚೆನ್ನಾಗಿ ಮಾಡಿದವರೂ ಇದ್ದರು. 1951ರಲ್ಲಿ ಕೀಫ್ಟ್ ಹೆಸರಿನಲ್ಲಿ ಒಂದು ಹೊಸ ಕಾರು ಬಂತು. ಡ್ರೈವರ್‌ನನ್ನು ತುಂಬಾ ಮುಂದಕ್ಕೆ ಕೂರಿಸಿದ್ದರು. ಹಿಂದಿನ ಸಸ್ಪೆನ್ಷನ್‌ಗೆ ಸ್ವಿಂಗ್ ಆಕ್ಸಲ್ (ನಡುವಿನಿಂದ ಮೇಲೆ ಕೆಳಗೆ ಆಡುವ ಅರ್ಧ ಆಕ್ಸಲ್‌ಗಳು), ಸ್ಪ್ರಿಂಗ್ ಬದಲು ರಬ್ಬರ್. ಮಾಸ್ ಅದನ್ನು ಓಡಿಸಿ ಗೆದ್ದ. ಆಮೇಲೆ ಡಾನ್ ಪಾರ್ಕರ್ ಕೀಫ್ಟ್‌ನಲ್ಲೇ ಬ್ರಿಟನ್ನಿನ ಚಾಂಪಿಯನ್ ಆದ. ಎಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ ಕೀಫ್ಟ್ ಹೆಚ್ಚು ಯೋಚಿಸಿ ಮಾಡಿದ ಕಾರು, ಅದರಲ್ಲಿ ಅನುಮಾನ ಇಲ್ಲ. ಆದರೂ ಎಲ್ಲ ಟ್ರ್ಯಾಕುಗಳಲ್ಲೂ ತುಂಬಿದ್ದದ್ದು ಕೂಪರ್. ದುಡ್ಡು ಕೊಟ್ಟರೆ ಕಾರು ಸಿಗುತ್ತಿತ್ತು, ಮುರಿದರೆ ಬಿಡಿಭಾಗ ಸಿಗುತ್ತಿತ್ತು, ಪಕ್ಕದ ಪಿಟ್‌ನವನ ಹತ್ತಿರವೂ ಅದೇ ಸಾಮಾನು ಇರುತ್ತಿತ್ತು. ಕೂಪರ್ ಕೂಡ ಸುಮ್ನೆ ಕೂರಲಿಲ್ಲ, 1952ರ ಮಾರ್ಕ್ 6ರಲ್ಲಿ ಚಾಸಿಯನ್ನು ಕೊಳವೆಗಳಿಗೆ ಬದಲಾಯಿಸಿತು.

ಎಂಜಿನ್ ತಾಪತ್ರಯ

ಸಣ್ಣ ತಯಾರಕನ ದೊಡ್ಡ ಕಷ್ಟ ಅಂದರೆ ಬೇರೆಯವರ ಸಾಮಾನಿನ ಮೇಲೆ ನಿಂತಿರುವುದು. ಜೆಎಪಿ ಅಗ್ಗ, ಹಗುರ, ಸಣ್ಣ ಓಟಕ್ಕೆ ಒಳ್ಳೆಯದು. ಉದ್ದದ ರೇಸಿನಲ್ಲಿ ನಾರ್ಟನ್ ಮುಂದೆ ಹೋಗುತ್ತಿತ್ತು. ನಾರ್ಟನ್ ಮ್ಯಾಂಕ್ಸ್ ಬೈಕಿನ ಎರಡು ಓವರ್‌ಹೆಡ್ ಕ್ಯಾಮ್ (ವಾಲ್ವುಗಳನ್ನು ಮೇಲಿನಿಂದ ಆಡಿಸುವ ದಂಡ) ಇರುವ ಎಂಜಿನ್ ಅದು. ಆದರೆ ನಾರ್ಟನ್ ಕಂಪನಿ ಬರೀ ಎಂಜಿನ್ ಮಾರುತ್ತಿರಲಿಲ್ಲ. ಬೇಕಾದರೆ ಇಡೀ ಬೈಕು ಕೊಳ್ಳಬೇಕು.

ರೇಸಿನವರು ಇಡೀ ಬೈಕೇ ಕೊಂಡರು. ಎಂಜಿನ್ ಬಿಚ್ಚಿ ಕಾರಿಗೆ ಹಾಕಿಕೊಂಡರು. ಉಳಿದ ಫ್ರೇಮು ಚಕ್ರಗಳನ್ನು ಮಾರಿದರು. ಆ ಫೆದರ್‌ಬೆಡ್ ಫ್ರೇಮು ಆ ಕಾಲದ ಬಹಳ ಒಳ್ಳೇ ಬೈಕ್ ಫ್ರೇಮು. ಅದನ್ನು ಕೊಂಡವರು ಅದಕ್ಕೆ ಟ್ರಯಂಫ್ ಎಂಜಿನ್ ಕೂರಿಸಿದರು. ಟ್ರೈಟನ್ ಅಂತ ಬೈಕ್ ಪ್ರಿಯರು ಇವತ್ತಿಗೂ ಕೊಂಡಾಡುವ ಬೈಕಿನ ಹುಟ್ಟಿಗೆ ಇದೂ ಒಂದು ಕಾರಣ.

ಇದರಿಂದ ಕೂಪರ್‌ಗೆ ಆದದ್ದು ಏನು? ಅವರ ಕಾರಿನಲ್ಲಿ ಜೆಎಪಿಯೂ ಕೂರಬೇಕಿತ್ತು, ನಾರ್ಟನ್ನೂ ಕೂರಬೇಕಿತ್ತು. ಯಾವ ಎಂಜಿನ್ ತರುವುದು ಅನ್ನುವುದು ಗಿರಾಕಿಗೆ ಬಿಟ್ಟದ್ದು. ಹಾಗಾಗಿ ಹಿಂಭಾಗದಲ್ಲಿ ಜಾಗ ಉಳಿಸಿಕೊಂಡೇ ಚಾಸಿ ಕಟ್ಟಿದರು. ಸ್ವಲ್ಪ ಉದ್ದ ಮಾಡಿದರೆ ಎರಡು ಸಿಲಿಂಡರಿನ ಜೆಎಪಿ ಎಂಜಿನ್ ಕೂಡ ಹಿಡಿಯುತ್ತಿತ್ತು. ಅಂಥದ್ದೇ ಒಂದು ಕಾರನ್ನು ತೆಗೆದುಕೊಂಡು ಹ್ಯಾರಿ ಶೆಲ್ 1950ರ ಮೇ 21ರಂದು ಮೊನಾಕೊ ಗ್ರ್ಯಾನ್ ಪ್ರೀಗೆ ಹೋದ. ಮೊದಲ ಸುತ್ತಿನಲ್ಲೇ ಕಡಲ ನೀರು ರಸ್ತೆಗೆ ಬಂದು ಸಾಲು ಸಾಲು ಕಾರುಗಳು ಡಿಕ್ಕಿ ಹೊಡೆದವು. ಶೆಲ್ ಓಟವೂ ಅಲ್ಲಿಗೇ ಮುಗಿಯಿತು. ಆದರೂ ವಿಶ್ವ ಚಾಂಪಿಯನ್‌ಷಿಪ್ ರೇಸಿಗೆ ಬಂದ ಮೊದಲ ಹಿಂದಿನ ಎಂಜಿನ್ ಕಾರು ಅದೇ. ಅದರ ಮೂಲ ಒಂದು ಬೈಕ್ ಎಂಜಿನ್‌ನ 500 ಸಿಸಿ ಚಾಸಿ.

ಮೇಲಕ್ಕೆ ಹೋದ ದಾರಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವ ಭಾಗ. ಬೈಕ್ ಎಂಜಿನ್ ಜಾಗಕ್ಕೆ ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ ಎಂಜಿನ್ ಬಂತು. 1958ರ ಜನವರಿ 19ರಂದು ಅರ್ಜೆಂಟೀನಾದಲ್ಲಿ ರಾಬ್ ವಾಕರ್ ಅವರ ಖಾಸಗಿ ತಂಡದ ಕೂಪರ್ ಓಡಿಸಿ ಮಾಸ್ ಗೆದ್ದ. ಎಂಜಿನ್ ಎರಡು ಲೀಟರಿಗಿಂತ ಚೂರು ಕಡಿಮೆ, ಎದುರಾಳಿಗಳದ್ದು ಅದಕ್ಕಿಂತ ದೊಡ್ಡದು. ಚಕ್ರಕ್ಕೆ ನಾಲ್ಕು ನಟ್ಟು, ಬದಲಾಯಿಸಲು ತುಂಬಾ ಹೊತ್ತು ಬೇಕು. ಹಾಗಾಗಿ ನಿಲ್ಲಿಸಲೇ ಇಲ್ಲ, ಟೈರು ಸವೆದು ಒಳಗಿನ ದಾರ ಕಾಣಿಸುವವರೆಗೂ ಓಡಿಸಿದ. ಕಾರು ಹಗುರ ಇದ್ದದ್ದರಿಂದಲೇ ಟೈರು ಅಲ್ಲಿಯವರೆಗೆ ಬಂತು. ಮುಂದೆ 1959 ಮತ್ತು 1960ರಲ್ಲಿ ಕೂಪರ್ ತಂಡದ ಡ್ರೈವರ್ ಜ್ಯಾಕ್ ಬ್ರ್ಯಾಬಮ್ ಚಾಂಪಿಯನ್. 1959ರ ಚಾಂಪಿಯನ್ ಕಾರಿನ ಹಿಂಭಾಗದಲ್ಲಿ ಇನ್ನೂ ಅಡ್ಡ ಲೀಫ್ ಸ್ಪ್ರಿಂಗ್ ಇತ್ತು, 1946ರಲ್ಲಿ ಟೊಪೊಲಿನೊದಿಂದ ಕಲಿತ ಅದೇ ರಚನೆ.

ಆ ಲೀಫ್ ಸ್ಪ್ರಿಂಗ್ ನೋಡಿದರೆ ನನಗೆ ಮೆಚ್ಚುಗೆಯೂ ಆಗುತ್ತದೆ, ಬೇಸರವೂ ಆಗುತ್ತದೆ. ಕೆಲಸ ಮಾಡುತ್ತಿರುವುದನ್ನು ಬದಲಾಯಿಸಬೇಡ ಎನ್ನುವುದು ಚಾರ್ಲ್ಸ್ ಅವರ ಸ್ವಭಾವ. ಅದು 1948ರಲ್ಲಿ ಹನ್ನೆರಡು ಕಾರು ಕಟ್ಟಲು ಸರಿಯಾಗಿತ್ತು. ಅದೇ ಸ್ವಭಾವ ಹತ್ತು ವರ್ಷದ ನಂತರ ಕೈ ಹಿಡಿದು ಎಳೆಯಿತು.

ಗಿರಾಕಿ ಎದ್ದು ಹೋದದ್ದು

1959ರಲ್ಲಿ ಫಾರ್ಮುಲಾ ಜೂನಿಯರ್ ಅಂತಾರಾಷ್ಟ್ರೀಯ ದರ್ಜೆಯಾಯಿತು. ಎಂಜಿನ್ ಮಾರುಕಟ್ಟೆಯ ಕಾರಿನದ್ದೇ ಆಗಿರಬೇಕು. 1000 ಸಿಸಿಯಾದರೆ ಕನಿಷ್ಠ 360 ಕಿಲೋ, 1100 ಸಿಸಿಯಾದರೆ 400 ಕಿಲೋ. ಬೈಕ್ ಎಂಜಿನ್ನಿಗೆ ಜಾಗವೇ ಇಲ್ಲ. ಹೊಸದಾಗಿ ಬರುವ ಹುಡುಗರು ಅತ್ತ ಹೋದರು, 500 ಸಿಸಿ ಕಾರುಗಳು ಹಿಂದೆ ಉಳಿದವು. ಒಂದು ನಿಯಮ ಹುಟ್ಟಿಸಿದ ವ್ಯಾಪಾರವನ್ನು ಇನ್ನೊಂದು ನಿಯಮ ಕೆಲವೇ ವರ್ಷಗಳಲ್ಲಿ ನುಂಗಿತು.

ಇದೇನೂ ಕೂಪರ್‌ಗೆ ತಡೆಯಲಾರದ ಪೆಟ್ಟಲ್ಲ, ಅವರೂ ಜೂನಿಯರ್ ಕಾರು ಕಟ್ಟಿದರು. ನಿಜವಾದ ಪೆಟ್ಟು ಬಂದದ್ದು ಲೋಟಸ್ ಕಾರು ಕಂಪನಿಯ ಕಾಲಿನ್ ಚಾಪ್‌ಮನ್ ಅವರಿಂದ. ಅಲ್ಲಿಯವರೆಗೆ ಮುಂದಿನ ಎಂಜಿನ್ ಕಾರುಗಳನ್ನೇ ಕಟ್ಟುತ್ತಿದ್ದ ಚಾಪ್‌ಮನ್, ಲೋಟಸ್ 18ರಲ್ಲಿ ಎಂಜಿನ್ ಹಿಂದಕ್ಕೆ ಒಯ್ದರು. ಅಷ್ಟೇ ಆಗಿದ್ದರೆ ಅದು ಇನ್ನೊಂದು ನಕಲು. ಆದರೆ ಅವರು ಕೂಪರ್‌ನ ವ್ಯಾಪಾರದ ರೀತಿಯನ್ನೂ ತೆಗೆದುಕೊಂಡರು. ಒಂದೇ ಮೂಲ ಕಾರು, ಎಂಜಿನ್ ಬದಲಾಯಿಸಿದರೆ ಫಾರ್ಮುಲಾ ಜೂನಿಯರ್, ಫಾರ್ಮುಲಾ ಟೂ, ಫಾರ್ಮುಲಾ ಒನ್ ಮೂರಕ್ಕೂ ಆಗುತ್ತದೆ. ಯಾರು ಬೇಕಾದರೂ ಕೊಳ್ಳಬಹುದು. ತೂಕದ ವಿಷಯದಲ್ಲಂತೂ ಚಾಪ್‌ಮನ್ ಕೂಪರ್‌ಗಿಂತ ಕಟ್ಟುನಿಟ್ಟು.

1960ರ ಆರಂಭದಲ್ಲಿ ಅರ್ಜೆಂಟೀನಾದಲ್ಲಿ ಆ ಲೋಟಸ್‌ನ ಓಟ ನೋಡಿ ಬಂದ ಜಾನ್ ಮತ್ತು ಬ್ರ್ಯಾಬಮ್ ಕೂಡಲೇ ಹೊಸ, ಇನ್ನೂ ಗಿಡ್ಡ ಕಾರು ಕಟ್ಟಿಸಿದರು. ಹಿಂದಿನ ಲೀಫ್ ಸ್ಪ್ರಿಂಗ್ ಕೊನೆಗೂ ಹೋಯಿತು, ಕಾಯಿಲ್ ಸ್ಪ್ರಿಂಗ್ ಬಂತು. ಆ ಕಾರು ಆ ವರ್ಷದ ಚಾಂಪಿಯನ್‌ಷಿಪ್ ಗೆದ್ದಿತು. ಆದರೆ ಆ ಕಾರು ಮೊದಲು ಸಿಕ್ಕಿದ್ದು ಕಂಪನಿಯ ಸ್ವಂತ ತಂಡಕ್ಕೆ. ಹೊರಗಿನ ಗಿರಾಕಿಗಳ ಹತ್ತಿರ ಇದ್ದದ್ದು ಹಳೇ ಕಾರು.

ಈಸ್ಟರ್ ಸೋಮವಾರ ಗುಡ್‌ವುಡ್‌ನಲ್ಲಿ ರೇಸು ನಡೆಯಿತು. ಇನೆಸ್ ಐರ್ಲೆಂಡ್ ಲೋಟಸ್ 18 ಓಡಿಸಿ, ವಾಕರ್ ತಂಡದ ಮಾಸ್‌ನನ್ನು ಒಂದೇ ದಿನ ಎರಡು ರೇಸುಗಳಲ್ಲಿ ಸೋಲಿಸಿದ. ಹನ್ನೆರಡು ವರ್ಷದ ಹಿಂದೆ ಅದೇ ಗುಡ್‌ವುಡ್‌ನಲ್ಲಿ ಕೂಪರ್ 500ಕ್ಕೆ ಗೆಲುವು ತಂದುಕೊಟ್ಟವನು ಮಾಸ್. ಕೂಪರ್‌ಗೆ ಮೊದಲ ಗ್ರ್ಯಾನ್ ಪ್ರೀ ಗೆಲುವು ತಂದದ್ದು ವಾಕರ್ ತಂಡ. ಆ ಸೋಲಿನ ನಂತರ ವಾಕರ್ ಒಂದು ಲೋಟಸ್ 18 ಕೊಂಡರು. 1960ರ ಮೇ 29ರಂದು ಮೊನಾಕೊದಲ್ಲಿ ಮಾಸ್ ಅದರಲ್ಲೇ ಗೆದ್ದ. ಅದು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಲೋಟಸ್ ಕಾರಿಗೆ ಸಿಕ್ಕ ಮೊದಲ ಗ್ರ್ಯಾನ್ ಪ್ರೀ ಗೆಲುವು, ಅದೂ ದುಡ್ಡು ಕೊಟ್ಟು ಕೊಂಡ ಗಿರಾಕಿಯ ಕೈಯಿಂದ.